ಗೆಡ್ಡೆಯ ನಾಡಿನ ವಸಂತ

ಯೂರೋಪ್ ಖಂಡದ ವಾಯವ್ಯ ಭಾಗದಲ್ಲಿ, ಉತ್ತರ ಸಮುದ್ರದ ಅಂಚಿಗೆ ನೆದರ್ಲೆಂಡ್ಸ್ ಎಂಬ ಪುಟ್ಟ ದೇಶವಿದೆ. ರೂಢಿಯಲ್ಲಿ ಇದನ್ನು ಹಾಲೆಂಡ್ ಎಂದು ಕರೆಯುವುದುಂಟು. ವಾಸ್ತವವಾಗಿ ಹಾಲೆಂಡ್ ಎಂಬುದು ಅದರ ಪಶ್ಚಿಮದ ಎರಡು ಪ್ರಾಂತಗಳ ಹೆಸರು. ಈ ದೇಶದ ನೆಲದಲ್ಲಿ ಕಾಲುಭಾಗದಷ್ಟು ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿದೆ. ಪಶ್ಚಿಮ ಭಾಗದಲ್ಲಿ ಬೆಟ್ಟವೆಂಬುದೇ ಇಲ್ಲ. ಚಳಿಗಾಲವೆಂದರೆ ಬೂದುಬಣ್ಣದ ಆಕಾಶ, ಜಿಟಿಜಿಟಿ ಮಳೆ, ಕಾಲುವೆಗಳ ಮೇಲೆ ಕವಿದ ಮಂಜು. ಇಂಥ ನಾಡಿನಲ್ಲಿ ಏಪ್ರಿಲ್ ತಿಂಗಳು ಬಂದೊಡನೆ, ಹಾರ್ಲೆಮ್ ಮತ್ತು ಲೈಡನ್ ಎಂಬ ಎರಡು ಹಳೆಯ ಪಟ್ಟಣಗಳ ನಡುವೆ ಸುಮಾರು ಮೂವತ್ತು ಕಿಲೋಮೀಟರು ಉದ್ದಕ್ಕೆ ನೆಲವೇ ಬಣ್ಣ ತಾಳುತ್ತದೆ. ಕೆಂಪು, ಹಳದಿ, ಬಿಳಿ, ನೇರಳೆ ಬಣ್ಣದ ಹೂವುಗಳು ಕಣ್ಣು ಹಾಯುವಷ್ಟು ದೂರ ಹರಡಿಕೊಳ್ಳುತ್ತವೆ. ಈ ಪ್ರದೇಶವನ್ನು ಡಚ್ ಜನರು ‘ಬೊಲ್ಲನ್‌ಸ್ಟ್ರೇಕ್’ ಎನ್ನುತ್ತಾರೆ. ಗೆಡ್ಡೆಗಳ ಸೀಮೆ ಎಂದು ಅದರ ಅರ್ಥ. ಇಷ್ಟೊಂದು ಹೂ ಅರಳುವ ನಾಡಿಗೆ ಹೂವಿನ ಸೀಮೆ ಎನ್ನದೆ ಗೆಡ್ಡೆಯ ಸೀಮೆ ಎಂದು ಹೆಸರಿಟ್ಟುದೇಕೆ ಎಂಬುದು ರೈಲಿನ ಕಿಟಕಿಯಿಂದ ನೋಡಿದವನಿಗೆ ಹೊಳೆಯುವುದಿಲ್ಲ. ಅದು ತಿಳಿಯಬೇಕಾದರೆ ಹೊಲಗಳ ನಡುವೆ ನಿಧಾನವಾಗಿ ಹಾದುಹೋಗಬೇಕು. ಅದಕ್ಕೆ ತಕ್ಕ ವಾಹನ ಬೈಸಿಕಲ್ಲು.

ಸೈಕಲ್ಲು ಆ ದೇಶದಲ್ಲಿ ಎಲ್ಲರ ವಾಹನ. ಸುಮಾರು 1 ಕೋಟಿ 80 ಲಕ್ಷ ಜನರಿರುವಲ್ಲಿ ಸೈಕಲ್ಲುಗಳ ಸಂಖ್ಯೆ 2 ಕೋಟಿಯನ್ನು ಮೀರಿದೆ. ಪ್ರಧಾನಮಂತ್ರಿಯಾಗಿದ್ದ ಮಾರ್ಕ್ ರುಟ್ಟೆ ಅವರು ಕಚೇರಿಗೆ ಸೈಕಲ್ಲಿನ ಮೇಲೆ ಬರುತ್ತಿದ್ದುದನ್ನು ಅಲ್ಲಿಯ ಜನ ವಿಶೇಷವೆಂದು ಎಣಿಸಲಿಲ್ಲ. ಆದರೆ ಈ ಸೌಕರ್ಯ ತಾನಾಗಿ ಬಂದುದಲ್ಲ. ಎರಡನೆಯ ಮಹಾಯುದ್ಧದ ತರುವಾಯ ದೇಶದ ರಸ್ತೆಗಳನ್ನೆಲ್ಲ ಮೋಟಾರು ಕಾರುಗಳು ಆಕ್ರಮಿಸಿದವು. 1971ನೆಯ ಒಂದೇ ವರ್ಷದಲ್ಲಿ ರಸ್ತೆ ಅಪಘಾತಗಳಿಂದ ಸುಮಾರು 3,300 ಜನ ಸತ್ತರು; ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ತಂದೆತಾಯಿಗಳು ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ಘೋಷಣೆಯೊಡನೆ ಬೀದಿಗಿಳಿದರು. 1973ರ ನವೆಂಬರಿನಲ್ಲಿ ಪೆಟ್ರೋಲಿನ ಅಭಾವ ಉಂಟಾಗಿ, ಸರ್ಕಾರ ಕೆಲವು ಭಾನುವಾರಗಳಂದು ಕಾರು ಓಡಿಸುವುದನ್ನು ನಿಷೇಧಿಸಿತು. ಬರಿದಾದ ಹೆದ್ದಾರಿಗಳಲ್ಲಿ ಮಕ್ಕಳು ಸೈಕಲ್ಲು ಹೊಡೆದರು. ಆ ದಶಕದಿಂದೀಚೆಗೆ ದೇಶದ ಉದ್ದಗಲಕ್ಕೂ ಸೈಕಲ್ಲಿಗೆಂದೇ ಪ್ರತ್ಯೇಕ ದಾರಿಗಳು ನಿರ್ಮಾಣವಾಗುತ್ತ ಬಂದವು. ಇಂದು ಹೂವಿನ ಹೊಲಗಳ ಬದಿಯಲ್ಲಿ ನಿಶ್ಚಿಂತೆಯಿಂದ ಸಾಗುವ ಸವಾರನ ಚಕ್ರದಡಿಯಲ್ಲಿ ಈ ಹೋರಾಟದ ನೆಲವಿದೆ.

ಈ ದಾರಿಗಳು ಕೂಡುವ ಕಡೆಗಳಲ್ಲೆಲ್ಲ ಚಿಕ್ಕ ಫಲಕಗಳ ಮೇಲೆ ಅಂಕಿಗಳನ್ನು ಬರೆದಿರುತ್ತಾರೆ. ಹೋಗಬೇಕಾದ ದಾರಿಯ ಅಂಕಿಗಳನ್ನು ಒಂದು ಚೀಟಿಯಲ್ಲಿ ಗುರುತು ಹಾಕಿಕೊಂಡರೆ ಸಾಕು, ಭಾಷೆ ಬಾರದವನೂ ದಾರಿ ತಪ್ಪಲಾರ. ಈ ಏರ್ಪಾಡು ಮೊದಲು ಜಾರಿಗೆ ಬಂದುದು ನೆರೆಯ ಬೆಲ್ಜಿಯಂ ದೇಶದಲ್ಲಿ, 1995ರಲ್ಲಿ. ಅದನ್ನು ರೂಪಿಸಿದವರು ಗಣಿ ಇಂಜಿನಿಯರ್ ಆಗಿದ್ದ ಹ್ಯೂಗೋ ಬೊಲ್ಲನ್. ಗಣಿಯ ಸುರಂಗಗಳ ಕೂಡುಗಳಿಗೆ ಸಂಖ್ಯೆ ಕೊಡುವ ಪದ್ಧತಿಯನ್ನು ಅವರು ನೆಲದ ಮೇಲಿನ ದಾರಿಗಳಿಗೆ ಅಳವಡಿಸಿದರು. ಅವರ ಮನೆತನದ ಹೆಸರಿನ ಅರ್ಥವೂ ‘ಗೆಡ್ಡೆಗಳು’ ಎಂದೇ ಆಗಿರುವುದೊಂದು ವಿನೋದ.

ಹಾರ್ಲೆಮಿನಿಂದ ದಕ್ಷಿಣಾಭಿಮುಖವಾಗಿ ಹೊರಟ ಸವಾರನಿಗೆ ಮೊದಲು ಎದುರಾಗುವುದು ಗಾಳಿ. ಏರಿಲ್ಲದ ನಾಡಿನಲ್ಲಿ ಎದುರುಗಾಳಿಯೇ ಏರು. ಸಮುದ್ರದ ಕಡೆಯಿಂದ ಬೀಸುವ ನೈಋತ್ಯದ ಗಾಳಿಗೆ ತಡೆಯೊಡ್ಡುವ ಗುಡ್ಡವೊಂದೂ ಇಲ್ಲವಾದ್ದರಿಂದ, ತಲೆ ತಗ್ಗಿಸಿ, ಮೈ ಬಾಗಿಸಿ ಪೆಡಲು ತುಳಿಯಬೇಕಾಗುತ್ತದೆ. ಹೀಮ್‌ಸ್ಟೇಡ್ ಎಂಬ ಊರನ್ನು ದಾಟಿದ ಮೇಲೆ ಮರಗಳ ನಡುವೆ ಹಾರ್ಟೆಕಾಂಪ್ ಎಂಬ ಹಳೆಯ ಬಂಗಲೆ ಸಿಗುತ್ತದೆ. ಸಸ್ಯಗಳಿಗೆ ಎರಡು ಪದಗಳ ಹೆಸರಿಡುವ ಕ್ರಮವನ್ನು ನೆಲೆಗೊಳಿಸಿದ ಸ್ವೀಡನ್ನಿನ ವಿಜ್ಞಾನಿ ಕಾರ್ಲ್ ಲಿನೇಯಸ್, ತನ್ನ ತಾರುಣ್ಯದಲ್ಲಿ, 1735ರಿಂದ 1737ರವರೆಗೆ, ಇಲ್ಲಿಯ ಶ್ರೀಮಂತ ಜಾರ್ಜ್ ಕ್ಲಿಫರ್ಡನ ತೋಟದ ಮೇಲ್ವಿಚಾರಣೆ ನಡೆಸುತ್ತ ಅದರ ಗಿಡಗಳನ್ನು ವರ್ಗೀಕರಿಸಿದನು. ಅಲ್ಲಿಂದ ಸ್ವಲ್ಪ ದೂರ ಸಾಗುವುದರೊಳಗೆ ಮನೆಗಳು ಹಿಂದೆ ಸರಿಯುತ್ತವೆ, ಹೊಲಗಳು ತೆರೆದುಕೊಳ್ಳುತ್ತವೆ.

ಹೂವು ಕಣ್ಣಿಗೆ ಬೀಳುವ ಮೊದಲೇ ಅದರ ಪರಿಮಳ ಮೂಗಿಗೆ ಬಡಿಯುತ್ತದೆ. ಅದು ಹಯಸಿಂತ್ ಎಂಬ ಹೂವಿನದು. ಮೋಟಾರಿನೊಳಗೆ ಕುಳಿತು ಗಾಜು ಏರಿಸಿಕೊಂಡು ಹೋಗುವವನಿಗೆ ಈ ಭಾಗ್ಯವಿಲ್ಲ. ಗಟ್ಟಿಯಾದ, ತುಸು ಜೇನಿನ ವಾಸನೆ ಬೆರೆತ ಆ ಕಂಪು ಗಾಳಿಯೊಡನೆ ಅಲೆಅಲೆಯಾಗಿ ಬರುತ್ತದೆ. ಮಾರ್ಚಿಯ ಕೊನೆಯಿಂದ ಹಳದಿಯ ಡ್ಯಾಫೊಡಿಲ್, ಏಪ್ರಿಲ್ ನಡುವಿನಲ್ಲಿ ನೀಲಿ ಬಿಳಿ ಗುಲಾಬಿ ಬಣ್ಣದ ಹಯಸಿಂತ್, ಅದರ ಬೆನ್ನಿಗೇ ಟ್ಯೂಲಿಪ್, ಹೀಗೆ ಒಂದಾದ ಮೇಲೊಂದು ಸರದಿ ನಡೆಯುತ್ತದೆ. ಒಂದೊಂದು ತಳಿಯನ್ನು ಒಂದೊಂದು ಪಟ್ಟಿಯಲ್ಲಿ ಬೇರೆಬೇರೆಯಾಗಿ ನೆಡುವುದರಿಂದ, ಹೊಲವೆಲ್ಲ ಪಟ್ಟೆಪಟ್ಟೆಯ ಜಮಖಾನೆ ಹಾಸಿದಂತೆ ಕಾಣುತ್ತದೆ. ಸವಾರ ಮುಂದೆ ಸಾಗಿದಂತೆಲ್ಲ ಸಾಲುಗಳು ಬೀಸಣಿಗೆಯ ಕಡ್ಡಿಗಳಂತೆ ಬಿಚ್ಚಿಕೊಂಡು, ಒಂದು ಕ್ಷಣ ನೇರವಾಗಿ ನಿಂತು, ಮತ್ತೆ ಮಡಚಿಕೊಳ್ಳುತ್ತವೆ. ಹೊಲಕ್ಕೂ ದಾರಿಗೂ ನಡುವೆ ನೀರು ತುಂಬಿದ ಸಣ್ಣ ಕಾಲುವೆ ಇರುತ್ತದೆ. ನೋಡುವವನು ಈಚೆಯೇ ನಿಂತು ನೋಡಬೇಕು. ಹೊಲಕ್ಕಿಳಿದು ಹೂವಿನ ನಡುವೆ ನಿಲ್ಲುವವರ ಕಾಲಿಗೆ ಸಿಕ್ಕಿ ಗಿಡಗಳು ಹಾಳಾಗುವುದು ರೈತರಿಗೆ ದೊಡ್ಡ ತಲೆನೋವಾಗಿದೆ.

ಈ ನೆಲದ ಕಥೆ ಹೂವಿಗಿಂತ ಸ್ವಾರಸ್ಯವಾದುದು. ಇಲ್ಲಿ ಹಿಂದೆ ಇದ್ದುದು ಸಮುದ್ರದ ಗಾಳಿ ಒಟ್ಟಿದ ಹಳೆಯ ಮರಳ ದಿಬ್ಬಗಳು. ಬೆಳೆಯುತ್ತಿದ್ದ ಪಟ್ಟಣಗಳಿಗೆ ಮನೆ ಕಟ್ಟಲು, ಜೌಗುನೆಲ ತುಂಬಲು ಮರಳು ಬೇಕಾಯಿತು. ಜನ ಸಲಿಕೆ ಹಿಡಿದು ತಲೆಮಾರುಗಳ ಕಾಲ ದಿಬ್ಬಗಳನ್ನು ಅಗೆದರು. ಮರಳನ್ನು ದೋಣಿಗಳಲ್ಲಿ ತುಂಬಿ ಸಾಗಿಸಲು ಕಾಲುವೆಗಳನ್ನು ತೋಡಿದರು. ದಿಬ್ಬ ಕರಗಿ ಉಳಿದುದು ಸುಣ್ಣದ ಅಂಶವುಳ್ಳ ಸಮತಟ್ಟಾದ ಮರಳು ನೆಲ. ಜೋಳಕ್ಕೋ ಗೋಧಿಗೋ ಅದು ತಕ್ಕುದಲ್ಲ. ಆದರೆ ಗೆಡ್ಡೆಗೆ ಅದಕ್ಕಿಂತ ಒಳ್ಳೆಯ ನೆಲವಿಲ್ಲ. ನೀರು ನಿಂತು ಗೆಡ್ಡೆ ಕೊಳೆಯುವ ಭಯವಿಲ್ಲ, ಅಗೆದು ತೆಗೆಯುವಾಗ ಮಣ್ಣು ಅಂಟುವುದಿಲ್ಲ. ಕಾಲುವೆಗಳ ನೀರನ್ನು ಏರಿಳಿಸಿ, ಅಂತರ್ಜಲವನ್ನು ನೆಲದ ಮೇಲ್ಮೈಯಿಂದ ಸುಮಾರು ಅರವತ್ತು ಸೆಂಟಿಮೀಟರು ಕೆಳಗೆ ಸದಾ ನಿಲ್ಲುವಂತೆ ಮಾಡುತ್ತಾರೆ. ಬೇರಿಗೆ ನೀರು ಎಟುಕಬೇಕು, ಗೆಡ್ಡೆಯನ್ನು ಮುಳುಗಿಸಬಾರದು. ಈ ಸೀಮೆಯ ಪೂರ್ವದ ಅಂಚಿಗೆ ಹೋದರೆ ಇನ್ನೂ ದೊಡ್ಡ ಸಾಹಸವನ್ನು ಕಾಣಬಹುದು. ಅಲ್ಲಿ ಹಾರ್ಲೆಮ್ ಸರೋವರವೆಂಬ ವಿಶಾಲವಾದ ಜಲರಾಶಿಯಿತ್ತು. ಬಿರುಗಾಳಿ ಬೀಸಿದಾಗಲೆಲ್ಲ ಅದು ದಡವನ್ನು ಕಬಳಿಸುತ್ತಿತ್ತು. ಮೂರು ಬೃಹತ್ ಉಗಿಯಂತ್ರಗಳನ್ನು ಸ್ಥಾಪಿಸಿ, ವರ್ಷಗಟ್ಟಲೆ ಹಗಲಿರುಳು ನೀರೆತ್ತಿ, 1852ರಲ್ಲಿ ಆ ಸರೋವರವನ್ನು ಬರಿದು ಮಾಡಿದರು. ಇಂದು ಅದರ ತಳದಲ್ಲಿ ಊರುಗಳಿವೆ, ಹೊಲಗಳಿವೆ, ಸ್ಕಿಫೋಲ್ ಎಂಬ ದೊಡ್ಡ ವಿಮಾನ ನಿಲ್ದಾಣವೂ ಇದೆ.

ಹಿಲೆಗೊಮ್ ದಾಟಿ ಲಿಸ್ಸೆ ಎಂಬ ಊರು ಸಮೀಪಿಸಿದಾಗ ಜನಸಂದಣಿ ಹೆಚ್ಚುತ್ತದೆ. ಅಲ್ಲಿ ಕ್ಯೂಕೆನ್‌ಹೋಫ್ ಎಂಬ ಪ್ರಸಿದ್ಧ ಉದ್ಯಾನವಿದೆ. 1950ರಲ್ಲಿ ಸಾರ್ವಜನಿಕರಿಗೆ ತೆರೆದ ಈ 32 ಹೆಕ್ಟೇರುಗಳ ತೋಟದಲ್ಲಿ ಪ್ರತಿ ಶರತ್ಕಾಲದಲ್ಲಿ ಸುಮಾರು 70 ಲಕ್ಷ ಗೆಡ್ಡೆಗಳನ್ನು ಕೈಯಿಂದ ನೆಡುತ್ತಾರೆ. ವಸಂತದಲ್ಲಿ ಕೇವಲ ಎರಡು ತಿಂಗಳ ಕಾಲ ಬಾಗಿಲು ತೆರೆದಿರುತ್ತದೆ. ಹೂವನ್ನು ನೋಡಲೆಂದೇ ಮಾಡಿದ ತೋಟವದು. ಸುತ್ತಲಿನ ಹೊಲಗಳ ಮಾತು ಬೇರೆ.

ಆ ಬೇರೆತನ ಸವಾರನ ಕಣ್ಣಿಗೆ ಬೀಳುವುದು ಹಠಾತ್ತನೆ. ಪೂರ್ಣವಾಗಿ ಅರಳಿದ ಕೆಂಪು ಟ್ಯೂಲಿಪ್ ಹೊಲವೊಂದರ ಪಕ್ಕದಲ್ಲಿ, ಅಷ್ಟೇ ಅಗಲದ ಇನ್ನೊಂದು ಹೊಲ ಬರಿಯ ಹಸುರಾಗಿ ನಿಂತಿರುತ್ತದೆ. ದಂಟುಗಳಿವೆ, ಎಲೆಗಳಿವೆ; ತುದಿಯಲ್ಲಿ ಹೂವಿಲ್ಲ. ಸಾಲುಗಳ ನಡುವೆ ಸಾವಿರಾರು ಹೂಗಳು ತಲೆ ಕಡಿದು ಬಿದ್ದಿರುತ್ತವೆ, ಇಲ್ಲವೆ ಹೊಲದ ಮೂಲೆಯಲ್ಲಿ ರಾಶಿಯಾಗಿ ಬಾಡುತ್ತಿರುತ್ತವೆ. ದೂರದಲ್ಲಿ ಒಂದು ಯಂತ್ರ ಸಾಲಿನ ಮೇಲೆ ಮೆಲ್ಲನೆ ಚಲಿಸುತ್ತ, ಹೂವನ್ನು ಮಾತ್ರ ಸವರಿ, ಎಲೆಯನ್ನು ಮುಟ್ಟದೆ ಮುಂದುವರಿಯುತ್ತಿರುತ್ತದೆ. ಹೂ ಮಾಡುಗಟ್ಟಿ ಪೂರ್ತಿ ಅರಳಿದ ಕೆಲವೇ ದಿನಗಳಲ್ಲಿ, ಇನ್ನೂ ಬಾಡುವ ಮೊದಲೇ, ಅದನ್ನು ಕತ್ತರಿಸಿ ಎಸೆಯುವುದನ್ನು ಕಂಡು ಹೊರಗಿನಿಂದ ಬಂದವರು ಮರುಗುವುದು ಸಹಜ. ರೈತನಿಗೆ ಅದು ಬೇಸಾಯದ ಒಂದು ಕೆಲಸ.

ಟ್ಯೂಲಿಪ್ ಗೆಡ್ಡೆಯು ನೋಡಲು ಈರುಳ್ಳಿಯಂತಿರುತ್ತದೆ. ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಅದನ್ನು ನೆಲದಲ್ಲಿ ಹುಗಿದು, ಮೇಲೆ ಹುಲ್ಲು ಹೊದಿಸುತ್ತಾರೆ. ಮೂರು ತಿಂಗಳಿಗೂ ಮೀರಿದ ಚಳಿಯನ್ನು ಉಂಡ ಹೊರತು ಅದರೊಳಗಿನ ಮೊಗ್ಗು ಮೇಲೇಳುವುದಿಲ್ಲ. ಭಾರತದಲ್ಲಿ ಟ್ಯೂಲಿಪ್ ತೋಟಕ್ಕೆ ಶ್ರೀನಗರವನ್ನು ಆರಿಸಿ, 2007ರಲ್ಲಿ ಅಲ್ಲಿ ಉದ್ಯಾನವನ್ನು ತೆರೆದುದಕ್ಕೆ ಈ ಚಳಿಯ ಹಂಗೇ ಕಾರಣ. ವಸಂತದಲ್ಲಿ ಗಿಡ ಹೂ ಬಿಡುವ ವೇಳೆಗೆ ನೆಟ್ಟ ಗೆಡ್ಡೆಯ ಸತ್ತ್ವವೆಲ್ಲ ತೀರಿ ಅದು ಬತ್ತಿಹೋಗುತ್ತದೆ. ಅದರ ಬದಲಿಗೆ ಪಕ್ಕದಲ್ಲಿ ಮರಿಗೆಡ್ಡೆಗಳು ಮೂಡುತ್ತವೆ. ಆ ಮರಿಗಳಿಗೆ ಆಹಾರ ಒದಗಿಸುವುದು ಎಲೆಗಳು. ಹೂವನ್ನು ಹಾಗೆಯೇ ಬಿಟ್ಟರೆ ಗಿಡವು ತನ್ನ ಶಕ್ತಿಯನ್ನು ಬೀಜ ಕಟ್ಟಲು ವ್ಯಯಿಸುತ್ತದೆ, ಗೆಡ್ಡೆ ಸೊರಗುತ್ತದೆ. ಈರುಳ್ಳಿಯ ಹೊಲದಲ್ಲಿ ಹೂವಿನ ದಂಟು ಎದ್ದರೆ ಗೆಡ್ಡೆ ಬಲಿಯದೆಂಬುದನ್ನು ಕರ್ನಾಟಕದ ರೈತರೂ ಬಲ್ಲರು. ಇದರ ಜೊತೆಗೆ, ಉದುರಿದ ಎಸಳುಗಳು ಎಲೆಯ ಮೇಲೆ ಅಂಟಿಕೊಂಡರೆ ಬೂಷ್ಟು ರೋಗ ತಗಲುತ್ತದೆ. ಆದ್ದರಿಂದ ಹೂವನ್ನು ಕಡಿಯಲೇಬೇಕು. ಮುಂದಿನ ವಾರಗಳಲ್ಲಿ ಎಲೆಗಳು ಬಿಸಿಲುಂಡು, ಹಣ್ಣಾಗಿ, ಹಳದಿಗಟ್ಟಿ ಒರಗುತ್ತವೆ. ಜೂನ್, ಜುಲೈನಲ್ಲಿ ಗೆಡ್ಡೆಗಳನ್ನು ಅಗೆದು, ಗಾಳಿಯಾಡುವ ಎತ್ತರದ ಕಣಜಮನೆಗಳಲ್ಲಿ ಒಣಗಿಸಿ, ಗಾತ್ರಕ್ಕೆ ತಕ್ಕಂತೆ ವಿಂಗಡಿಸಿ, ದಪ್ಪ ಗೆಡ್ಡೆಗಳನ್ನು ಲೋಕದ ನಾನಾ ದೇಶಗಳಿಗೆ ಮಾರುತ್ತಾರೆ. ಸಣ್ಣವನ್ನು ಮರುವರ್ಷದ ನಾಟಿಗೆ ಇಟ್ಟುಕೊಳ್ಳುತ್ತಾರೆ. ಪ್ರವಾಸಿಯ ಕಣ್ಣಿಗೆ ಹಬ್ಬವಾದ ಆ ಬಣ್ಣದ ಸಾಗರ ಇಷ್ಟು ದೊಡ್ಡ ಉದ್ಯಮದಲ್ಲಿ ಕೆಲವು ದಿನಗಳ ಮಾತು. ಕಡಿದ ಹಯಸಿಂತ್ ಹೂಗಳನ್ನು ಪೋಣಿಸಿ ಹಿಂದಿನ ಕಾಲದಲ್ಲಿ ಮಕ್ಕಳು ದಾರಿಯ ಬದಿಯಲ್ಲಿ ಮಾಲೆ ಮಾರುತ್ತಿದ್ದರು. ಪಟ್ಟಣದವರು ಅದನ್ನು ಕೊಂಡು ಸೈಕಲ್ಲಿನ ಹ್ಯಾಂಡಲಿಗೆ ಸುತ್ತಿಕೊಂಡು ಮನೆಗೆ ಮರಳುತ್ತಿದ್ದರು.

ಹೂವನ್ನು ಕೊನೆಗೆ ಕಡಿಯುವುದೇ ಆದರೆ ಅರಳಲು ಬಿಡುವುದಾದರೂ ಏಕೆ? ಈ ಪ್ರಶ್ನೆಗೆ ಉತ್ತರ ಹೊಲದಲ್ಲಿಯೇ ಇದೆ. ಹೂ ತೆರೆದ ದಿನಗಳಲ್ಲಿ ಕೆಲಸಗಾರರು ಸಾಲುಸಾಲಾಗಿ ನಡೆದು, ಒಂದೊಂದು ಗಿಡವನ್ನೂ ಬಗ್ಗಿ ನೋಡುತ್ತಾರೆ. ಕೆಂಪು ಹೂವಿನ ಸಾಲಿನಲ್ಲಿ ಹಳದಿಯೊಂದು ಬೆರೆತಿದ್ದರೆ ಅದನ್ನು ಕೀಳುತ್ತಾರೆ. ಎಸಳಿನ ಮೇಲೆ ಬೆಂಕಿಯ ನಾಲಗೆಯಂಥ ಗೆರೆಗಳೋ ಮಚ್ಚೆಗಳೋ ಕಂಡುಬಂದರೆ ಆ ಗಿಡವನ್ನು ಗೆಡ್ಡೆಸಮೇತ ಕಿತ್ತು ನಾಶಪಡಿಸುತ್ತಾರೆ. ಅದು ಹೇನುಗಳ ಮೂಲಕ ಹರಡುವ ಒಂದು ನಂಜಿನ ಗುರುತು.

ವಿಚಿತ್ರವೆಂದರೆ, ಇಂದು ಕಿತ್ತೆಸೆಯುವ ಆ ಗೆರೆಗಳಿಗಾಗಿಯೇ ಹದಿನೇಳನೆಯ ಶತಮಾನದಲ್ಲಿ ಜನ ತಮ್ಮ ಐಶ್ವರ್ಯವನ್ನು ಸುರಿದಿದ್ದರು. ಬಿಳಿಯ ಎಸಳಿನ ಮೇಲೆ ಕೆಂಪು ಜ್ವಾಲೆ ಹಬ್ಬಿದಂತಿದ್ದ ‘ಸೆಂಪರ್ ಅಗಸ್ಟಸ್’ ಎಂಬ ಟ್ಯೂಲಿಪ್ಪಿನ ಒಂದು ಗೆಡ್ಡೆಗೆ ಒಂದು ಒಳ್ಳೆಯ ಮನೆಯ ಬೆಲೆ ಹೇಳುತ್ತಿದ್ದರು. 1636ರ ಚಳಿಗಾಲದಲ್ಲಿ ಗೆಡ್ಡೆಗಳು ಇನ್ನೂ ಮಣ್ಣಿನೊಳಗೆ ಇರುವಾಗಲೇ, ಹೆಂಡದ ಅಂಗಡಿಗಳಲ್ಲಿ ಕುಳಿತು ಅವುಗಳನ್ನು ಕಾಗದದ ಮೇಲೆ ಕೊಂಡು ಮಾರಿದರು. ಡಚ್ಚರು ಇದಕ್ಕೆ ಇಟ್ಟ ಹೆಸರು ‘ಗಾಳಿ ವ್ಯಾಪಾರ’. 1637ರ ಫೆಬ್ರವರಿಯ ಆರಂಭದಲ್ಲಿ ಹಾರ್ಲೆಮಿನ ಒಂದು ಹರಾಜಿನಲ್ಲಿ ಕೊಳ್ಳುವವರೇ ಇಲ್ಲವಾದರು. ಕೆಲವೇ ದಿನಗಳಲ್ಲಿ ಬೆಲೆ ಕುಸಿಯಿತು. ಇದರಿಂದ ದೇಶವೇ ದಿವಾಳಿಯಾಯಿತೆಂದು 1841ರಲ್ಲಿ ಚಾರ್ಲ್ಸ್ ಮೆಕೆ ಎಂಬ ಲೇಖಕ ಬರೆದದ್ದು ಬಹುಕಾಲ ಪ್ರಚಾರದಲ್ಲಿತ್ತು. ಅದು ಅತಿಶಯೋಕ್ತಿ. ದಾಖಲೆಗಳನ್ನು ಶೋಧಿಸಿ 2007ರಲ್ಲಿ ಗ್ರಂಥ ಪ್ರಕಟಿಸಿದ ಇತಿಹಾಸಕಾರ್ತಿ ಆನ್ ಗೋಲ್ಡ್‌ಗಾರ್, ಪೆಟ್ಟು ತಿಂದವರು ಕೆಲವರೇ ಎಂದೂ ದೇಶದ ಆರ್ಥಿಕ ಸ್ಥಿತಿ ಅದರಿಂದ ಕದಲಲಿಲ್ಲವೆಂದೂ ತೋರಿಸಿದ್ದಾರೆ. ಹೂವಿನ ಗೆರೆಗಳು ರೋಗದ ಫಲವೆಂಬುದು ಅಂದಿನವರಿಗೆ ತಿಳಿದಿರಲಿಲ್ಲ. ಅವು ಒಂದು ಗೆಡ್ಡೆಯಿಂದ ಇನ್ನೊಂದಕ್ಕೆ ಅಂಟುವ ಸೋಂಕೆಂಬುದನ್ನು 1928ರಲ್ಲಿ ಇಂಗ್ಲೆಂಡಿನ ಡೊರೊಥಿ ಕೇಲಿ ಎಂಬ ವಿಜ್ಞಾನಿ ಸಿದ್ಧಪಡಿಸಿದರು. ಸೋಂಕಿದ ಗೆಡ್ಡೆ ವರ್ಷವರ್ಷಕ್ಕೂ ದುರ್ಬಲವಾಗುತ್ತದೆ. ಸೆಂಪರ್ ಅಗಸ್ಟಸ್ ಇಂದು ಚಿತ್ರಗಳಲ್ಲಿ ಮಾತ್ರ ಉಳಿದಿದೆ.

ಲಿಸ್ಸೆಯಿಂದ ಪಶ್ಚಿಮಕ್ಕೆ ತಿರುಗಿದರೆ ನೋರ್ಡ್‌ವೈಕ್ ಎಂಬ ಕಡಲತೀರದ ಊರು. ಅಲ್ಲಿಯವರೆಗೂ ಹೊಲಗಳಿವೆ. ಬೆನ್ನಿಗೆ ಮರಳ ದಿಬ್ಬ, ಮುಂದೆ ಹೂವಿನ ಪಟ್ಟೆ. ಇಷ್ಟು ಪ್ರಶಾಂತವಾದ ನೋಟ ಬೇರೆಡೆ ದುರ್ಲಭ. ಆದರೆ ಈ ದಾರಿಗಳಲ್ಲಿಯೇ 1944–45ರ ಚಳಿಗಾಲದಲ್ಲಿ ಬೇರೊಂದು ಬಗೆಯ ಸವಾರರು ಓಡಾಡಿದ್ದರು. ದೇಶ ಆಗ ಜರ್ಮನ್ ಸೈನ್ಯದ ವಶದಲ್ಲಿತ್ತು. ರೈಲ್ವೆ ನೌಕರರು ಮುಷ್ಕರ ಹೂಡಿದುದಕ್ಕೆ ಪ್ರತೀಕಾರವಾಗಿ ಸೈನ್ಯವು ಪಶ್ಚಿಮದ ಪಟ್ಟಣಗಳಿಗೆ ಆಹಾರ ಹೋಗದಂತೆ ತಡೆಯಿತು. ಕಾಲುವೆಗಳು ಹೆಪ್ಪುಗಟ್ಟಿ ದೋಣಿಗಳೂ ನಿಂತವು. ಸೈನಿಕರು ಜನರ ಸೈಕಲ್ಲುಗಳನ್ನು ಕಸಿದುಕೊಂಡಿದ್ದರು. ಅಳಿದುಳಿದವಕ್ಕೆ ರಬ್ಬರು ಟೈರು ಇರಲಿಲ್ಲ. ಮರದ ಪಟ್ಟಿಯನ್ನೋ ತೋಟಕ್ಕೆ ನೀರು ಹಾಯಿಸುವ ಕೊಳವೆಯ ತುಂಡನ್ನೋ ಗಾಲಿಗೆ ಬಿಗಿದುಕೊಂಡು, ಪಟ್ಟಣದ ಹೆಂಗಸರು ಮಕ್ಕಳು ಹಿಮದಲ್ಲಿ ಹತ್ತಾರು ಮೈಲಿ ಹಳ್ಳಿಗಳಿಗೆ ಬಂದು, ಉಂಗುರ, ಬಟ್ಟೆಬರೆ ಕೊಟ್ಟು ನಾಲ್ಕು ಆಲೂಗೆಡ್ಡೆ ಬೇಡಿದರು.

ಯುದ್ಧದಿಂದಾಗಿ ವಿದೇಶದ ಮಾರಾಟ ನಿಂತು ಟ್ಯೂಲಿಪ್ ಗೆಡ್ಡೆಗಳು ಕಣಜಗಳಲ್ಲಿ ಹಾಗೆಯೇ ಉಳಿದಿದ್ದವು. ಜನ ಅವನ್ನು ತಿಂದರು. ಸಿಪ್ಪೆ ಸುಲಿದು, ಎರಡು ಹೋಳು ಮಾಡಿ, ನಡುವಿನ ಹಳದಿ ಮೊಳಕೆಯನ್ನು ತೆಗೆದುಹಾಕಿ, ಬೇಯಿಸಿ ಗಂಜಿಯಂತೆ ಕುಡಿದರು. ಒಣಗಿಸಿ ಹಿಟ್ಟು ಮಾಡಿ ರೊಟ್ಟಿಗೆ ಬೆರೆಸಿದರು. ಹಯಸಿಂತ್, ಡ್ಯಾಫೊಡಿಲ್ ಗೆಡ್ಡೆಗಳು ವಿಷಕರವಾದ್ದರಿಂದ ಆರಿಸುವಾಗ ಎಚ್ಚರ ತಪ್ಪುವಂತಿರಲಿಲ್ಲ. ಆ ಚಳಿಗಾಲದಲ್ಲಿ ಹಸಿವಿನಿಂದ ಸುಮಾರು 20,000 ಜನ ಸತ್ತರು. 1945ರ ಮೇ ತಿಂಗಳಲ್ಲಿ ದೇಶ ಬಿಡುಗಡೆ ಹೊಂದಿತು. ಆ ಬರಗಾಲದಲ್ಲಿ ಬಾಲ್ಯ ಕಳೆದವರಲ್ಲಿ ಅನೇಕರು ಟ್ಯೂಲಿಪ್ಪಿನ ರುಚಿಯನ್ನು ಮುಪ್ಪಿನವರೆಗೂ ಮರೆಯಲಿಲ್ಲ.

ನೋರ್ಡ್‌ವೈಕಿನಿಂದ ಲೈಡನ್ನಿಗೆ ಒಂದು ಗಂಟೆಯೊಳಗಿನ ದಾರಿ. ಅಲ್ಲಿಯ ವಿಶ್ವವಿದ್ಯಾನಿಲಯದ ಸಸ್ಯೋದ್ಯಾನ 1590ರಲ್ಲಿ ಸ್ಥಾಪಿತವಾದುದು. ಮಧ್ಯ ಏಷ್ಯದ ಬೆಟ್ಟಗಳಲ್ಲಿ ಕಾಡುಹೂವಾಗಿದ್ದ ಟ್ಯೂಲಿಪ್ಪನ್ನು ತುರ್ಕಿಯ ಸುಲ್ತಾನರು ತಮ್ಮ ಅರಮನೆಯ ತೋಟಗಳಲ್ಲಿ ಬೆಳೆಸಿದರು. ಅಲ್ಲಿಂದ ಅದು ಯೂರೋಪಿಗೆ ಬಂತು. ಮುಂಡಾಸಿಗೆ ಹೇಳುವ ಅಲ್ಲಿಯ ಒಂದು ಮಾತಿನಿಂದ ಅದರ ಹೆಸರು ಹುಟ್ಟಿತೆನ್ನುತ್ತಾರೆ. 1593ರಲ್ಲಿ ಕ್ಲೂಸಿಯಸ್ ಎಂಬ ವೃದ್ಧ ಪಂಡಿತ ಈ ಉದ್ಯಾನದ ಮುಖ್ಯಸ್ಥನಾಗಿ ಬಂದಾಗ ಗೆಡ್ಡೆಗಳನ್ನು ಜೊತೆಗೆ ತಂದು ನೆಟ್ಟನು. ಮರುವರ್ಷದ ವಸಂತದಲ್ಲಿ ಅವು ಅರಳಿದವು. ಪಂಡಿತನಿಗೆ ಅವನ್ನು ಮಾರುವ ಇಚ್ಛೆಯಿರಲಿಲ್ಲ. ಗಿಡದ ಗುಣಗಳನ್ನು ಅಭ್ಯಸಿಸುವುದಷ್ಟೇ ಅವನ ಉದ್ದೇಶ. ಕೊಳ್ಳಲು ಬಂದವರು ಬರಿಗೈಯಲ್ಲಿ ಹಿಂದಿರುಗಿ, ರಾತ್ರಿ ಗೋಡೆ ಹಾರಿ ಬಂದು ಗೆಡ್ಡೆಗಳನ್ನು ಕದ್ದೊಯ್ದರೆಂದೂ, ನಾಡಿನ ಟ್ಯೂಲಿಪ್ ಬೇಸಾಯ ಆ ಕಳ್ಳತನದಿಂದಲೇ ಮೊದಲಾಯಿತೆಂದೂ ಒಂದು ಐತಿಹ್ಯ ಪ್ರಚಲಿತವಾಗಿದೆ.

ಕ್ಲೂಸಿಯಸನ ತೋಟವನ್ನು ಅವನ ಕಾಲದ ಸಸ್ಯಗಳ ಪಟ್ಟಿಯನ್ನು ಆಧರಿಸಿ ಈಗ ಮತ್ತೆ ರಚಿಸಿದ್ದಾರೆ. ಕಾಲುವೆಯ ಕಟ್ಟೆಯ ಬದಿಗೆ ಸೈಕಲ್ಲಿಗೆ ಬೀಗ ಹಾಕಿ ಒಳಗೆ ಹೋದವರು ಅಲ್ಲಿಯ ಚಿಕ್ಕ ಚೌಕದ ಪಾತಿಗಳಲ್ಲಿ ಟ್ಯೂಲಿಪ್ಪನ್ನು ನೋಡಬಹುದು. ಹೊಲದಲ್ಲಿ ಲಕ್ಷಗಟ್ಟಲೆ ಕಂಡ ಹೂ ಇಲ್ಲಿ ಬೆರಳೆಣಿಕೆಯಷ್ಟೇ ಇರುತ್ತದೆ. ಗಿಡ್ಡ ದಂಟು, ಚೂಪಾದ ಎಸಳು. ಇಲ್ಲಿ ಯಾರೂ ಅದರ ತಲೆ ಕಡಿಯುವ ಆತುರದಲ್ಲಿರುವುದಿಲ್ಲ.